ಕಡವೆಯ ಕೊರಳಲ್ಲಿ ಗಂಟೆ ಇದ್ದ ಜಾಗ

ಭೂಮಿ ಆಗಿನ್ನೂ ಹಸಿಹಸಿ. ಬೆಟ್ಟಗಳ ಮೈ ಪೂರ್ತಿ ಗಟ್ಟಿಯಾಗಿರಲಿಲ್ಲ. ಹೊಳೆಗೆ ಯಾವ ಕಡೆ ಹರಿಯಬೇಕೆಂದೇ ಗೊತ್ತಿರಲಿಲ್ಲ, ದಾರಿಯಲ್ಲಿ ಸಿಕ್ಕ ಆಮೆಗಳನ್ನೆಲ್ಲ ನಿಲ್ಲಿಸಿ ಕೇಳುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಕಡವೆ ಮಾತಾಡುತ್ತಿತ್ತು. ಮನುಷ್ಯನ ಹೊಟ್ಟೆ ಮಾತ್ರ ಆಗಲೂ ಹೀಗೇ ಇತ್ತು ನೋಡಿ. ಎಷ್ಟು ತುಂಬಿದರೂ ತುಂಬದ ಹೊಟ್ಟೆ!

ಕಡವೆ ಗೊತ್ತಲ್ಲ? ಜಿಂಕೆಗೆ ದೊಡ್ಡಪ್ಪನಾಗಬೇಕು. ಎತ್ತಿನಂಥ ಮೈ, ಕವಲೊಡೆದ ಕೊಂಬು, ಮೊರದಂಥ ಕಿವಿ. ಆಗ ಪ್ರತಿ ಕಡವೆಯ ಕೊರಳಲ್ಲೂ ಒಂದು ಬಿದಿರಿನ ಗಂಟೆ ಇರುತ್ತಿತ್ತು. ನಾರಿನ ಹಗ್ಗ ಹೊಸೆದು ಅದನ್ನು ಕಟ್ಟಿದವರು ಬೆಟ್ಟದ ಬುಡದ ಹಾಡಿಯ ಜನ. ಲೊಟಲೊಟ ಸದ್ದು ಮಾಡುತ್ತಾ ಕಡವೆಗಳು ಹಾಡಿಯ ಪಕ್ಕದಲ್ಲೇ ಮೇಯುತ್ತಿದ್ದವು. ಹೆದರಿಕೆ ಇಲ್ಲದವನು ತಾನೇ ಸದ್ದು ಮಾಡಿಕೊಂಡು ಓಡಾಡೋದು?

ಅವರಿಗೂ ಇವರಿಗೂ ಒಂದು ಮಾತಾಗಿತ್ತು. ಬೇಸಿಗೆಯಲ್ಲಿ ಹಾಡಿಯವರು ಒಣಹುಲ್ಲಿಗೆ ಬೆಂಕಿ ಕೊಡಬೇಕು, ಎಳೆಹುಲ್ಲು ಬರಲಿ ಅಂತ. ಮರಿ ಹಾಕುವ ದಿನಗಳಲ್ಲಿ ಪಂಜು ಹಿಡಿದು ಸೀಳುನಾಯಿಗಳನ್ನು ಓಡಿಸಬೇಕು. ಕಡವೆಗಳೂ ಸುಮ್ಮನಿರುತ್ತಿರಲಿಲ್ಲ. ಜಡಿಮಳೆ ಹಿಡಿದು, ಗೆಣಸು ಕೊಳೆತು, ಹಾಡಿಯ ಒಲೆಗಳು ತಣ್ಣಗಾದಾಗ ಹಲ್ಲು ಸವೆದ ಮುದಿ ಕಡವೆಯೊಂದು ತಾನಾಗಿ ಇಳಿದು ಬಂದು ಬಯಲಲ್ಲಿ ನಿಲ್ಲುತ್ತಿತ್ತು.

"ಬಯಲಿಗೆ ಬಂದು ನಿಂತವನನ್ನು ಹೊಡೀರಿ, ಬೇರೆ ಯಾರನ್ನೂ ಮುಟ್ಟಬೇಡಿ" ಎಂದಿತ್ತು ಕಡವೆಗಳ ಹಿರಿಯ. "ಹೊಡೆದ ಮೇಲೆ ಒಂದು ಒಲೆಯೂ ಬಿಡದ ಹಾಗೆ ಪಾಲು ಹೋಗಬೇಕು. ಹೊಡೆದವನ ಪಾಲು ಎಲ್ಲರದಾದ ಮೇಲೆ, ಕೊನೆಗೆ. ಸಂಜೆ ಗಾಳಿ ಬಂದು ಪ್ರತಿ ಒಲೆಯನ್ನೂ ಮೂಸಿ ನಮಗೆ ಹೇಳುತ್ತೆ. ಒಂದು ಒಲೆ ತಪ್ಪಿದರೂ ಮತ್ತೆ ಯಾರೂ ಇಳಿದು ಬರುವುದಿಲ್ಲ."

ಹಾಗೇ ನಡೆದುಕೊಂಡು ಬಂತು. ಜಡೆಯನ ಸರದಿ ಬರುವವರೆಗೆ.

ಜಡೆಯ ಹಾಡಿಯ ಬಿಲ್ಲುಗಾರ. ಕೆಟ್ಟವನಲ್ಲ, ಪಾಪ. ಆ ವರ್ಷ ಮಳೆ ಬಿಡದೆ ಹೊಯ್ದಿತ್ತು. ಅವನ ಹೆಂಡತಿ ಮಾದಿ ಹಸಿಬಾಣಂತಿ. ತಿನ್ನಲು ಇಲ್ಲದೆ ಅವಳ ಎದೆಹಾಲು ಬತ್ತಿತ್ತು. ಕೂಸು ಮೊದಮೊದಲು ಗಟ್ಟಿಯಾಗಿ ಅಳುತ್ತಿತ್ತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಕುಯ್‌ಗುಡುತ್ತಿತ್ತು. ಆ ದಿನ ಬೆಳಿಗ್ಗೆ ಅದೂ ಇಲ್ಲ. ಬಾಯಿ ತೆರೆಯುತ್ತದೆ, ಸದ್ದು ಬರುವುದಿಲ್ಲ.

ಅಷ್ಟರಲ್ಲಿ ಬಯಲಿನ ಕಡೆಯಿಂದ ಕೇಳಿತು. ಲೊಟ. ಲೊಟ. ಲೊಟ.

ಜಡೆಯ ಬಿಲ್ಲು ಹಿಡಿದು ಓಡಿದ. ಮುದಿ ಕಡವೆ ಮಳೆಯಲ್ಲಿ ನಿಂತಿತ್ತು. ಪಕ್ಕೆಲುಬು ಎಣಿಸಬಹುದು, ಅಷ್ಟು ಬಡಕಲು. ಮಳೆ ಅದನ್ನೇನು ಬಿಟ್ಟಿತ್ತೇ?

"ಕೈ ನಡುಗಿಸಬೇಡ ಜಡೆಯ" ಎಂದಿತು ಕಡವೆ. "ಒಂದೇ ಬಾಣಕ್ಕೆ ಮುಗಿಸು."

ಜಡೆಯ ಕಣ್ಣೊರೆಸಿಕೊಂಡು ಬಾಣ ಬಿಟ್ಟ. ಕಡವೆ ಮಂಡಿಯೂರಿ ಮಲಗಿತು. ಗಂಟೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು.

ಚರ್ಮ ಸುಲಿಯುವಾಗ ಜಡೆಯ ಒಬ್ಬನೇ ಇದ್ದ. ಕಣ್ಣಳತೆಯಲ್ಲೇ ಲೆಕ್ಕ ಹಾಕಿದ. ಅಷ್ಟೊಂದು ಒಲೆ, ಇಷ್ಟೇ ಇಷ್ಟು ಮಾಂಸ. ಕೊನೆಯ ಪಾಲು ತನ್ನದು. ಕೊನೆಗೆ ಉಳಿಯುವುದೇನು? ಗೊರಸು! ಗೊರಸು ತಿಂದರೆ ಮಾದಿಗೆ ಹಾಲು ಬರುತ್ತದೆಯೇ? ಅವನು ಹಿಂದೆ ಮುಂದೆ ನೋಡಿದ. ಒಂದು ಹಿಂದಿನ ತೊಡೆಯನ್ನು ಕೊಯ್ದು ಮುತ್ತುಗದ ಎಲೆಯಲ್ಲಿ ಸುತ್ತಿ ಪೊದೆಯೊಳಗೆ ತುರುಕಿದ. ಆಮೇಲೆ ಕೂಗು ಹಾಕಿ ಜನ ಕರೆದ.

"ಇನ್ನೊಂದು ತೊಡೆ ಎಲ್ಲೋ?" ಎಂದರು ಯಾರೋ.

"ನರಿ ಎಳಕೊಂಡು ಹೋಯ್ತು" ಎಂದ. ನರಿಯ ಹೆಸರು ಆಗಲೇ ಕೆಟ್ಟಿತ್ತು, ಎಲ್ಲರೂ ನಂಬಿದರು.

ಪಾಲು ಹಾಕಿದ. ಎಲ್ಲರ ಕೈಗೂ ಚೂರುಪಾರು ಬಂತು. ಹಾಡಿಯ ತುದಿಯ ಗುಡಿಸಲು ಕೇತಜ್ಜಿಯದು. ಮಾದಿಗೆ ಹೆರಿಗೆ ಮಾಡಿಸಿ ಕೂಸಿನ ಹೊಕ್ಕುಳುಬಳ್ಳಿ ಕೊಯ್ದವಳು ಇದೇ ಕೇತಜ್ಜಿ. ಅವಳು ಎಲೆ ಹಿಡಿದು ಬರುವಷ್ಟರಲ್ಲಿ ಮಾಂಸ ಮುಗಿದಿತ್ತು.

"ಮುಗೀತಜ್ಜಿ. ಕಡವೆ ಬಡಕಲು" ಎಂದ ಜಡೆಯ, ನೆಲ ನೋಡುತ್ತಾ.

ಕೇತಜ್ಜಿ ಅವನ ಮುಖವನ್ನೇ ನೋಡಿದಳು. "ಇರ್ಲಿ ಬಿಡು ಮಗಾ" ಎಂದು ಖಾಲಿ ಎಲೆ ಮಡಚಿಕೊಂಡು ಹೋದಳು.

ಸಂಜೆಯಾಯಿತು. ಮಳೆ ನಿಂತು ಹೊಳವಾಯಿತು. ಜಡೆಯನ ಗುಡಿಸಲಲ್ಲಿ ತೊಡೆ ಬೇಯುತ್ತಿತ್ತು. ಅರ್ಧವನ್ನು ಹಸಿಬಿದಿರಿನ ಬೊಂಬಿನೊಳಗೆ ತುಂಬಿ ಕೆಂಡಕ್ಕಿಟ್ಟಿದ್ದ. ಮೂಳೆಗೆ ಕಾಡುಮೆಣಸು ಜಜ್ಜಿ ಹಾಕಿ ಸಾರಿಗಿಟ್ಟಿದ್ದ. ಹೊಗೆ ಆಚೆ ಹೋಗದಂತೆ ತಟ್ಟಿಬಾಗಿಲು ಎಳೆದಿದ್ದ. ಎಂಥ ಬುದ್ಧಿವಂತ! ಹೊಗೆಗೆ ಬಾಗಿಲು ಬೇಕೇ?

ಮಾದಿ ಎರಡು ಗುಟುಕು ಸಾರು ಕುಡಿದಳು. ಮುಖಕ್ಕೆ ಸ್ವಲ್ಪ ಜೀವ ಬಂತು. ಆಮೇಲೆ ಕೇಳಿದಳು, "ಇಷ್ಟೊಂದಾ? ಎಲ್ರಿಗೂ ಕೊಟ್ಯಾ?"

"ಕೊಟ್ಟೆ."

"ಕೇತಜ್ಜಿಗೆ?"

ಜಡೆಯ ಕೆಂಡ ಕೆದಕಿದ.

ಅಷ್ಟರಲ್ಲಿ ಗಾಳಿ ಬಂತು.

ಮೊದಲನೆಯ ಒಲೆಯ ಮುಂದೆ ಮೂಸಿ "ಇಲ್ಲಿ ಮಾಂಸ ಇದೆ" ಎಂದಿತು. ಪಕ್ಕದ ಒಲೆ ಮೂಸಿ "ಇಲ್ಲೂ ಇದೆ" ಎಂದಿತು. ಒಂದೊಂದೇ ಗುಡಿಸಲು ದಾಟಿ ಬರುತ್ತಿತ್ತು. ಮೇಲೆ ಬಂಡೆಯ ತುದಿಯಲ್ಲಿ ಕಡವೆಗಳು ಸಾಲಾಗಿ ನಿಂತು ಕಿವಿಗೊಟ್ಟಿದ್ದವು. ಒಂದು ಗಂಟೆಯೂ ಅಲುಗುತ್ತಿರಲಿಲ್ಲ.

ಜಡೆಯನ ಬಾಗಿಲ ಮುಂದೆ ಗಾಳಿ ನಿಂತಿತು. ಒಳಗೆ ಹೊಕ್ಕಿತು. ಕೆಂಡ ಭಗ್ಗೆಂದಿತು.

"ಇಲ್ಲಿ ಮಾಂಸ ಇದೆ" ಎಂದಿತು ಗಾಳಿ. ಬೊಂಬನ್ನು ಸುತ್ತಿ ಬಂದು, "ಬೇಕಾದಷ್ಟಿದೆ" ಎಂದಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಡೆಯ ಬೊಂಬಿಗೆ ಮೈ ಅಡ್ಡ ಹಿಡಿದ. ಗಾಳಿ ಮುಂದೆ ಹೋಯಿತು. ಇನ್ನುಳಿದದ್ದು ಕೇತಜ್ಜಿಯ ಗುಡಿಸಲು. ಅಲ್ಲಿ ಒಲೆ ತಣ್ಣಗಿರುತ್ತದೆ, ಗಾಳಿ ಹೇಳುತ್ತದೆ, ಮುಗಿಯಿತು! ಜಡೆಯ ಎದ್ದ. ತಟ್ಟಿ ಸರಿಸಿ ಇಣುಕಿದ.

ಕೇತಜ್ಜಿಯ ಸೂರಿನಿಂದ ಹೊಗೆ ಏಳುತ್ತಿತ್ತು!

ಸುಟ್ಟ ವಾಸನೆಯೂ ಬರುತ್ತಿತ್ತು. ಮಾಂಸದ್ದೇ ಅನ್ನುವ ಹಾಗೆ. ಆದರೆ ಗಾಳಿ ಅಲ್ಲಿಂದ ಹೊರಡಲಿಲ್ಲ. ಮೂಸಿತು. ಮತ್ತೆ ಮೂಸಿತು.

"ಕೇತಜ್ಜಿ, ಇದು ಇವತ್ತಿನ ಮಾಂಸ ಅಲ್ಲ" ಎಂದಿತು. "ಹಳೇ ತೊಗಲು. ನೀನು ಹೊದೆಯುವ ತೊಗಲನ್ನೇ ಒಲೆಗೆ ಹಾಕಿದ್ದೀಯ."

"ನಂಗೆ ಹಸಿವಿಲ್ಲ ಕಣಪ್ಪ" ಎಂದಳು ಕೇತಜ್ಜಿ. "ಇದೆ ಅಂತ ಹೇಳಿಬಿಡು. ಹಾಡಿಯಲ್ಲಿ ಕೂಸುಗಳಿವೆ. ನಿನ್ನ ಕಾಲಿಗೆ ಬೀಳ್ತೀನಿ."

ಈಗಲಾದರೂ ಜಡೆಯ ಬಾಯಿ ಬಿಡಬೇಕಿತ್ತು. ಬಾಗಿಲು ದಾಟಿ "ನನ್ನ ಹತ್ರ ಇದೆ" ಅನ್ನಬೇಕಿತ್ತು. ತಟ್ಟಿಗೆ ಅಂಟಿಕೊಂಡು ನಿಂತ. ಒಳಗಿನಿಂದ ಮಾದಿ ಅವನ ಬೆನ್ನಿಗೆ ಗುದ್ದಿದಳು. "ಅಯ್ಯೋ ಪಾಪಿ, ಹೋಗೋ! ಅವಳ ಕೈಯಲ್ಲೇ ನಮ್ಮ ಕೂಸು ಹುಟ್ಟಿದ್ದು. ತಗೊಂಡು ಹೋಗೋ!"

ಜಡೆಯ ಬೊಂಬು ಎತ್ತಿಕೊಂಡು ಓಡಿದ. ಅಂಗೈ ಸುಟ್ಟರೂ ಬಿಡಲಿಲ್ಲ. ಗಾಳಿ ಆಗಲೇ ಹೊರಟಿತ್ತು. ಕೇತಜ್ಜಿಯ ಗುಡಿಸಲು ದಾಟಿ, ಅದರ ಹಿಂದೆ ಬಂಡೆಯ ಕಡೆಗೇ ಕೆಸರಲ್ಲಿ ಜಾರುತ್ತಾ ಏಳುತ್ತಾ ಹತ್ತಿದ. "ತಂದಿದೀನಿ! ಇದೆ! ಅಜ್ಜಿಯ ಪಾಲು ಇದೆ!"

ಆದರೆ ಗಾಳಿಗಿಂತ ಮುಂಚೆ ಯಾರು ತಲುಪಿದ್ದಾರೆ? ಗಾಳಿಗೆ ಸುಳ್ಳು ಬರುವುದಿಲ್ಲ. ಅದು ಹೇಳಿಬಿಟ್ಟಿತ್ತು.

ಕಡವೆಗಳ ಹಿರಿಯ ಜಡೆಯನನ್ನು ನೋಡಿತು. ಬೊಂಬನ್ನೂ ನೋಡಿತು.

"ಯಾಕೆ ಕದ್ದೆ?"

"ಕೂಸು ಸಾಯ್ತಿತ್ತು" ಎಂದು ಜಡೆಯ ಅತ್ತ.

"ಹಾಗಂತ ಒಂದು ಕೂಗು ಹಾಕಬಾರದಿತ್ತೇ?" ಎಂದಿತು ಹಿರಿಯ. "ನಾನೇ ಇಳಿದು ಬರುತ್ತಿದ್ದೆ. ನಮ್ಮಲ್ಲೂ ಮರಿಗಳಿವೆ ಜಡೆಯ, ಹಸಿದ ಮರಿ ಹೇಗಿರುತ್ತದೆಂದು ನಮಗೆ ಗೊತ್ತಿಲ್ಲವೇ? ಕೇಳಿದ್ದರೆ ಕೊಡುತ್ತಿದ್ದೆವು. ನೀನು ಕೇಳಲಿಲ್ಲ, ಕದ್ದೆ. ಹೊದಿಕೆ ಸುಟ್ಟುಕೊಂಡ ಮುದುಕಿಯನ್ನೂ ನೋಡುತ್ತಾ ನಿಂತೆ. ನಮ್ಮವನು ಇದಕ್ಕಾಗಿ ಬಯಲಿಗೆ ಬಂದು ನಿಂತನೇ?"

ಹಿರಿಯ ಪಕ್ಕದ ಹೊನ್ನೆಮರದ ಬುಡಕ್ಕೆ ಹೋಗಿ ಕೊರಳನ್ನು ತೊಗಟೆಗೆ ಉಜ್ಜತೊಡಗಿತು. ಜಡೆಯ "ಬೇಡ, ಬೇಡ" ಎಂದು ಕೈಮುಗಿದ. ಹಾಡಿಯವರು ಹೊಸೆದ ಹಗ್ಗ ಗಟ್ಟಿ, ಸುಲಭಕ್ಕೆ ಹರಿಯಲಿಲ್ಲ. ಕೂದಲು ಕಿತ್ತುಬಂತು. ಚರ್ಮ ಸುಲಿಯಿತು. ಮರದಿಂದ ಕೆಂಪು ರಸ ಇಳಿಯಿತು, ಕೊರಳಿಂದ ರಕ್ತ ಇಳಿಯಿತು. ಕೊನೆಗೆ ಹಗ್ಗ ಹರಿದು ಗಂಟೆ ಕೆಳಗೆ ಬಿತ್ತು. ಒಂದೊಂದೇ ಕಡವೆ ಮರಕ್ಕೆ ಕೊರಳು ಕೊಟ್ಟಿತು. ಗಂಟೆಗಳು ಲೊಟಲೊಟ ಎನ್ನುತ್ತಾ ಇಳಿಜಾರಿನಲ್ಲಿ ಉರುಳಿ ಹೊಳೆಗೆ ಬಿದ್ದವು. ಆಮೇಲೆ ಕಾಡಿನಲ್ಲಿ ಯಾವ ಸದ್ದೂ ಇರಲಿಲ್ಲ. ಕಡವೆಗಳೂ ಇರಲಿಲ್ಲ.

ಜಡೆಯ ಬೊಂಬನ್ನು ಕೇತಜ್ಜಿಯ ಮುಂದಿಟ್ಟು ತಲೆ ತಗ್ಗಿಸಿ ನಿಂತ. ಬೈದಾಳು, ಹೊಡೆದಾಳು ಅಂದುಕೊಂಡಿದ್ದ. ಅಜ್ಜಿ ಬೊಂಬು ಸೀಳಿ ತನಗೊಂದು ತುಂಡು ಇಟ್ಟುಕೊಂಡು, ಉಳಿದದ್ದನ್ನು ಅವನ ಕೈಗೇ ಹಾಕಿದಳು.

"ಬಾಣಂತಿಗೆ ಕೊಡು, ಆರೋಕೆ ಮುಂಚೆ" ಎಂದಳು. "ನಿನ್ನ ಮುಖ ನೋಡಿದಾಗಲೇ ಗೊತ್ತಾಗಿತ್ತು ಕಣೋ. ನನಗೊಂದು ಮಾತು ಹೇಳಿದ್ರೆ ನನ್ನ ಪಾಲು ನಾನೇ ಕೊಡ್ತಿದ್ದೆ."

ನೋಡಿ, ಆಗ ಜಡೆಯ ಅತ್ತೇಬಿಟ್ಟ. ಅಂಥ ಅಳುವನ್ನು ಹಾಡಿ ಕೇಳಿರಲಿಲ್ಲ.

ಕೂಸು ಬದುಕಿತು. ಬದುಕದೆ ಇದ್ದಿದ್ದರೆ ಈ ಕಥೆ ಹೇಳಲು ನಮ್ಮ ವಂಶದಲ್ಲಿ ಯಾರಿರುತ್ತಿದ್ದರು? ಆದರೆ ಮುಂದಿನ ಮಳೆಗಾಲ ಬಯಲಿಗೆ ಯಾರೂ ಇಳಿದು ಬರಲಿಲ್ಲ. ಜಡೆಯ ಹೆಜ್ಜೆ ಹುಡುಕಿ, ಕೆಸರಲ್ಲಿ ಹೊಟ್ಟೆ ಎಳೆದು ಅಲೆದ. ಅವನ ವಾಸನೆ ಸಿಕ್ಕ ಕೂಡಲೇ ಕಡವೆ ಕಾಲು ಅಪ್ಪಳಿಸಿ "ಢಾಂಕ್!" ಎಂದು ಕೂಗಿ ಮಾಯವಾಗುತ್ತಿತ್ತು. ಸುದ್ದಿ ಕೊಡುವುದು ಯಾರು ಅಂತೀರಿ? ಅದೇ ಗಾಳಿ.

ಅದಕ್ಕೇ ಮಕ್ಕಳೇ, ನೀರಿಗೆ ಬಂದ ಕಡವೆ ತಲೆ ಎತ್ತಿದಾಗ ಅದರ ಕೊರಳ ಕೆಳಗೆ ನೋಡಿ. ಅಲ್ಲಿ ಕೂದಲಿಲ್ಲದ ಒಂದು ಕೆಂಪು ಕಲೆ, ಕೆಲವು ದಿನ ಈಗಷ್ಟೇ ಸುಲಿದ ಹಾಗೆ ಒದ್ದೆಯಾಗಿ ಕಾಣುತ್ತದಲ್ಲ, ಹಿಂದೆ ನಾವು ಕಟ್ಟಿದ ಗಂಟೆ ಇದ್ದದ್ದು ಅಲ್ಲೇ.