ಕಣಜದ ಬೀಗಕ್ಕೆ ಮೂರು ಒಗಟು

"ಕೇಳ್ರಪ್ಪೋ ಕೇಳಿ! ದೊರೆಸಾನಿ ಹೊನ್ನಮ್ಮಾಜಿಯವರ ಅಪ್ಪಣೆ! ಮೂರು ಒಗಟು ಬಿಡಿಸಿದವರ ಕೈಗೆ ಅರಮನೆ ಕಣಜದ ಬೀಗದ ಕೈ. ತಪ್ಪಿದವರ ತಲೆ ನಾಳೆ ಬೆಳಗಿಗೆ ಹೆಗಲ ಮೇಲಿರೋದಿಲ್ಲ!"

ಕೋಳಿಗುಡ್ಡದ ಬೀದಿಯಲ್ಲಿ ಹೀಗೆ ಡಂಗುರ ಸಾರಿದಾಗ ಮೇದರ ಕಲ್ಲವ್ವ ಬಿದಿರು ಸೀಳುತ್ತಿದ್ದಳು. ಆ ವರ್ಷ ಮಿಡತೆ ಬಂದು ಪೈರನ್ನೆಲ್ಲ ಬೋಳಿಸಿ ಹೋಗಿತ್ತು. ಕಣಜದ ತುಂಬ ಕಾಳಿತ್ತು, ಬಾಗಿಲಿಗೆ ಬೀಗ. "ಬಡವರನ್ನು ನಾನು ನೋಡ್ಕೋತೀನಿ, ಅರಮನೆಗೆ ಯಾಕೆ ಆ ಉಸಾಬರಿ?" ಅಂತ ಊರಿನ ಸಾಹುಕಾರ ಮಲ್ಲಿಶೆಟ್ಟಿ. "ಅದು ರಾಜ್ಯದ ಕೆಲಸ, ಶೆಟ್ಟಿಗೇನು ಗೊತ್ತು?" ಅಂತ ಮಂತ್ರಿ ಬೊಪ್ಪರಸ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಊರಿನ ಪಾಡು ಹಾಗಾಗಿತ್ತು.

ಶೆಟ್ಟಿ ಕೊಡಲಿಲ್ಲ ಅಂತ ಸುಳ್ಳು ಹೇಳಬಾರದು, ಕೊಡ್ತಿದ್ದ. ಆದರೆ ಜಗುಲಿ ಮುಂದೆ ಸಾಲು ನಿಲ್ಲಿಸಿ, ತಗೊಂಡವರ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಿಸಿ ಕೊಡ್ತಿದ್ದ. ಕಲ್ಲವ್ವನ ಅಪ್ಪ ಭರಮಣ್ಣ ಆ ಕಡೆ ತಲೆ ಹಾಕಲಿಲ್ಲ. ಮಗಳು ಒಮ್ಮೆ ಹೋಗಿ ಗಂಜಿ ತಂದರೆ ಗೋಡೆಯ ಕಡೆ ಮುಖ ತಿರುಗಿಸಿದ. ನಾಲ್ಕು ದಿನದಿಂದ ಬರೀ ನೀರು. ನೆರೆಯವರು ಕೊಡೋಣವೆಂದರೆ ಓಣಿಯಲ್ಲಿ ಯಾರ ಮಡಕೆಯಲ್ಲೂ ಕಾಳಿಲ್ಲ.

"ಹೋದರೆ ನನ್ನ ತಲೆ, ಹೋಗದಿದ್ದರೆ ಅಪ್ಪ," ಅಂದುಕೊಂಡ ಕಲ್ಲವ್ವ ಸೆರಗು ಬಿಗಿದು ಅರಮನೆಗೆ ನಡೆದಳು.

ಅಲ್ಲಿ ಶೆಟ್ಟಿ ಆಗಲೇ ಎದೆಯುಬ್ಬಿಸಿ ನಿಂತಿದ್ದ. ದೊರೆಸಾನಿ ಕೇಳಿದಳು: "ಕೊಟ್ಟವನ ತಲೆ ಎತ್ತುತ್ತೆ, ತಗೊಂಡವನ ತಲೆ ತಗ್ಗಿಸುತ್ತೆ. ಹೊಟ್ಟೆ ತುಂಬಿದರೂ ಗಂಟಲಲ್ಲೇ ಉಳಿಯುತ್ತೆ. ಯಾವ ತುತ್ತು ಅದು?"

"ಕದ್ದ ತುತ್ತು ತಾಯಿ!"

"ಕದ್ದದ್ದನ್ನು ಕೊಟ್ಟವನು ಯಾರಯ್ಯಾ?" ಅಂದಳು ಮುದುಕಿ ದೊರೆಸಾನಿ. ಭಟರು ಶೆಟ್ಟಿಯ ರೆಟ್ಟೆ ಹಿಡಿದರು.

ಆಮೇಲೆ ಮುಂದೆ ಬಂದ ಮಂತ್ರಿಗೆ ಎರಡನೆಯದನ್ನೇ ಮೊದಲು ಕೇಳಿದಳು: "ಸಾವಿರ ಕೈ ಸೇರಿ ತುಂಬಿದ ಹೊಟ್ಟೆ. ಅದಕ್ಕೆ ಹಸಿವಿಲ್ಲ. ಅದರಿಂದ ಉಂಡವನು ಯಾರಿಗೂ ಕೈಮುಗಿಯಬೇಕಾಗಿಲ್ಲ. ಏನದು?"

"ಕೆರೆ!"

"ಕೆರೆ ತುಂಬೋದು ಮಳೆ, ಕೈಯಲ್ಲ." ಅಯ್ಯೋ, ಉತ್ತರದ ಬೀಗದ ಕೈ ಹತ್ತು ವರ್ಷದಿಂದ ಆ ಪುಣ್ಯಾತ್ಮನ ಸೊಂಟದಲ್ಲೇ ಜೋತಾಡುತ್ತಿತ್ತು. ಅದನ್ನು ಕಿತ್ತುಕೊಂಡು ಅವನನ್ನೂ ಶೆಟ್ಟಿಯ ಪಕ್ಕಕ್ಕೆ ನಿಲ್ಲಿಸಿದರು.

ಹರಿದ ಸೀರೆಯ ಕಲ್ಲವ್ವ ಮುಂದೆ ಬಂದಾಗ ಯಾರೋ ಕಿಸಕ್ಕನೆ ನಕ್ಕರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

"ತಾಯಿ, ಮೊದಲನೆಯದು ಹೆಸರು ಕೂಗಿಸಿ ಕೊಟ್ಟ ತುತ್ತು. ನಮ್ಮಪ್ಪ ಅದನ್ನ ನುಂಗಲಾರದೆ ಮಲಗಿದಾನೆ. ಎರಡನೆಯದು ನಿಮ್ಮ ಕಣಜ. ಒಕ್ಕಲಿಗರು ಬೆಳೆದದ್ದರಲ್ಲಿ ಪಾಲು ಅಳೆದ್ರು. ಆ ಕಾಳು ಹೊರೋಕೆ ನಮ್ಮಪ್ಪ ವರ್ಷಕ್ಕೆ ನೂರು ಬುಟ್ಟಿ ಬಿಟ್ಟಿ ಹೆಣೆದುಕೊಟ್ಟ. ತಮ್ಮದನ್ನ ತಾವು ಉಣ್ಣೋಕೆ ಯಾರಿಗೆ ಕೈಮುಗೀಬೇಕು?"

ದೊರೆಸಾನಿ ಮುಂದಕ್ಕೆ ಬಾಗಿದಳು. "ಕಣಜಕ್ಕೆ ಹೊಟ್ಟೆಯುಂಟು, ಕಣ್ಣಿಲ್ಲ. ಕೊಡುಗೈಗೆ ಕಣ್ಣುಂಟು, ಹೊಟ್ಟೆ ಸಣ್ಣದು. ಹಸಿದವನು ಬಾಯಿ ಬಿಡುವ ಮೊದಲೇ ಅವನ ಹಸಿವನ್ನು ತಿಳಿದು, ಆ ಕಣ್ಣನ್ನು ಈ ಹೊಟ್ಟೆಗೆ ಕೂಡಿಸುವವರು ಯಾರು?"

ಕಲ್ಲವ್ವನಿಗೆ ತಕ್ಷಣ ಹೊಳೆಯಲಿಲ್ಲ. ಭಟನ ಕತ್ತಿ ಒರೆಯಲ್ಲಿ ಸರಿದ ಸದ್ದು ಕೇಳಿಸಿತು. ಅಪ್ಪನ ಹಸಿವು ಓಣಿಗೆ ತಿಳಿದದ್ದಾದರೂ ಹೇಗೆ? ಅವನಂತೂ ಯಾರಿಗೂ ಹೇಳಿರಲಿಲ್ಲ, ತಾನೂ ಹೇಳಿರಲಿಲ್ಲ. ಆದರೂ ಪಕ್ಕದ ಮನೆಯ ಸಿದ್ದಕ್ಕ ಕಣ್ಣೊರೆಸಿಕೊಂಡು ಹೋಗಿದ್ದಳಲ್ಲ!

"ಕೆಂಡ ಕೇಳೋಕೆ ಬಂದ ನೆರೆಯವಳು!" ಅಂದಳು. "ಬೆಳಗಾದ್ರೆ ಒಲೆ ಹೊತ್ತಿಸೋಕೆ ತೆಂಗಿನ ಚಿಪ್ಪು ಹಿಡಿದು ಪಕ್ಕದ ಮನೆಗೆ ಹೋಗ್ತೀವಿ ತಾಯಿ. ಬೆಂಕಿ ಕೇಳೋಕೆ ನಾಚಿಕೆಯಿಲ್ಲ, ಕೊಟ್ಟವರಿಗೆ ಜಂಬವೂ ಇಲ್ಲ. ಕೇಳಿದ ಮನೆಯ ಒಲೆ ಒಂದು ದಿನ ಆರಿದ್ರೆ ಮರೆವು, ಎರಡು ದಿನ ಆರಿದ್ರೆ ಹಸಿವು. ಅವಳಿಗೆ ಯಾರೂ ಹೇಳಬೇಕಾಗಿಲ್ಲ. ಅವಳು ಬಂದು ಹೇಳಿದ ಮನೆಗೆ ಕಣಜದ ಕಾಳು ಸದ್ದಿಲ್ಲದೆ ಹೋಗಲಿ."

ದೊರೆಸಾನಿಯ ಕಣ್ಣು ತುಂಬಿತು. "ಭಲೆ ಮಗಳೇ! ನಾನೂ ಚಿಕ್ಕವಳಿದ್ದಾಗ ಚಿಪ್ಪು ಹಿಡಿದು ಓಣಿ ಸುತ್ತಿದವಳೇ. ಇಲ್ಲಿ ಬೆಂಕಿ ಆರೋದೇ ಇಲ್ಲ, ಇವರಿಗೆ ಹೇಗೆ ಗೊತ್ತಾಗಬೇಕು?" ಅಂದವಳೇ ಬೀಗದ ಕೈಯನ್ನು ತನ್ನ ಕೈಯಾರೆ ಕಲ್ಲವ್ವನ ಸೊಂಟಕ್ಕೆ ಸಿಕ್ಕಿಸಿದಳು. "ಈ ಇಬ್ಬರ ತಲೆ?"

"ತಲೆ ತೆಗೆದು ಏನ್ಮಾಡ್ತೀರಿ? ಹೆಗಲಿದೆಯಲ್ಲ, ಮೂಟೆ ಹೊರಲಿ. ಬಾಯಿ ಮಾತ್ರ ಮುಚ್ಚಿಕೊಂಡು ಹೊರಬೇಕು."

ಸಭೆಯೆಲ್ಲ ಗೊಳ್ಳೆಂದಿತು. ಶೆಟ್ಟಿ, ಮಂತ್ರಿ ಇಬ್ಬರೂ ಬದುಕಿದೆಯಾ ಬಡಜೀವವೇ ಅಂತ ಮೂಟೆಗೆ ಹೆಗಲು ಕೊಟ್ಟರು. ಮುಂದೆ ಚಿಪ್ಪು ಹಿಡಿದ ಹೆಂಗಸರು, ಹಿಂದೆ ಇವರು. ಯಾವ ಮನೆಗೆ ಎಷ್ಟು ಹೋಯಿತೆಂದು ಬೀದಿಗೆ ತಿಳಿಯಲಿಲ್ಲ.

ಕಲ್ಲವ್ವ ಜೋಳದ ಗಂಜಿ ಕಾಯಿಸಿ ಅಪ್ಪನ ಮುಂದಿಟ್ಟಳು. ಭರಮಣ್ಣ ಕಷ್ಟಪಟ್ಟು ಎದ್ದು ಕೂತ, ಮುಟ್ಟಲಿಲ್ಲ. "ಯಾರ ಧರ್ಮ ಇದು?"

"ಯಾರ ಧರ್ಮವೂ ಅಲ್ಲಪ್ಪ. ಕಣಜದ್ದು. ನಿನ್ನ ಬುಟ್ಟಿಯಲ್ಲಿ ಹೊತ್ತು ತುಂಬಿದ್ದು."

ಮುದುಕ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಕುಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಬಟ್ಟಲನ್ನು ಮುಂದಕ್ಕೆ ಚಾಚಿದ.

"ನಮ್ಮದೇ ಅಂದಮೇಲೆ ಸಂಕೋಚ ಯಾಕೆ? ಇನ್ನೊಂದು ಸೌಟು ಹಾಕು," ಅಂದ.