ಮಲ್ಲಾಜಮ್ಮನ ಕುಂಡದ ಜೋಳ

ಗಲಾಟೆ ಸಾಕು, ಕಿವಿ ಇತ್ತ ಕೊಡಿ. ಒಂದಾನೊಂದು ರಾಜ್ಯ. ಅಲ್ಲಿನ ರಾಜನಿಗೆ ಕಲ್ಲಿನ ಹುಚ್ಚು. ರಾಜಧಾನಿಯ ಬೀದಿ, ಅಂಗಳ, ಹಿತ್ತಿಲು, ಎಲ್ಲಕ್ಕೂ ಕಲ್ಲು ಹಾಸಿಸಿಬಿಟ್ಟ. ಜನ ಬಿಟ್ಟಾರೆಯೇ? ಕುಂಡ, ಒಡಕು ಮಡಕೆ, ತೂತು ಬಿದ್ದ ಕೊಳಗ, ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ಮಾಳಿಗೆ ಮೇಲೆ ಮುಸುಕಿನ ಜೋಳ ಬೆಳೆದರು.

ಛತ್ರದ ಬೀದಿಯಲ್ಲಿ ಒಂದು ಪದ್ಧತಿ. ಎಲ್ಲರ ಕುಂಡಗಳೂ ಛತ್ರದ ಮಾಳಿಗೆ ಮೇಲೆ ಒತ್ತೊತ್ತಾಗಿ ಇರಬೇಕು. ವರ್ಷದ ಮೊದಲ ತೆನೆ ಬೀದಿಯ ಬಸುರಿಗೆ. ಯಾರ ಗಿಡದ ತೆನೆಯೋ, ಅವರೇ ಹುಟ್ಟಿದ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು.

ಆ ವರ್ಷ ಮಲ್ಲಾಜಮ್ಮನ ಮಗಳು ಸಿದ್ದಾಜಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮೊಮ್ಮಗುವಿಗೆ ತಾನೇ ಹೆಸರು ಹೇಳಬೇಕು ಅಂತ ಮಲ್ಲಾಜಮ್ಮನಿಗೆ ಒಂದೇ ಹಂಬಲ. ಆಸೆಪಟ್ಟಿದ್ದು ತಪ್ಪಲ್ಲ. ಆಮೇಲೆ ಮಾಡಿದ್ದು ತಪ್ಪು.

ಅವಳ ಗಿಡಗಳೇ ಎಲ್ಲಕ್ಕಿಂತ ಎತ್ತರ. ಗಾಳಿ ಬೀಸಿದರೆ ಅವುಗಳ ತಲೆಯ ಹೂವಿನ ಪುಡಿ ಅಕ್ಕಪಕ್ಕದವರ ಗಿಡದ ಮೇಲೆ ಉದುರುತ್ತಿತ್ತು. ಮಲ್ಲಾಜಮ್ಮನಿಗೆ ಹೊಟ್ಟೆ ಉರಿಯಿತು. 'ನನ್ನ ಗಿಡದ ಸತ್ವದಲ್ಲಿ ಇವರ ತೆನೆ ಕೊಬ್ಬಬೇಕಾ?' ತನ್ನ ನಾಲ್ಕು ಕುಂಡ ಹೊತ್ತು ತಂದು ತನ್ನ ಮನೆ ಮಾಳಿಗೆಯ ನಾಲ್ಕು ಮೂಲೆಗಿಟ್ಟಳು. ತನ್ನವುಗಳಲ್ಲೂ ಒಂದರ ಸತ್ವ ಇನ್ನೊಂದು ಕದಿಯಬಾರದಲ್ಲ!

ಪಕ್ಕದ ಮನೆಯ ಕೆಂಪಾಜಿ ಅರಮನೆಯಲ್ಲಿ ಪಾತ್ರೆ ತೊಳೆಯುವವಳು. ಬಂದು ಹೇಳಿದಳು, "ಅಕ್ಕಾ, ಒಂದರ ಪುಡಿ ಇನ್ನೊಂದರ ತೆನೆಯ ಕೂದಲಿಗೆ ಬಿದ್ದರೇನೇ ಕಾಳು. ವಾಪಸ್ ತಂದಿಡಿ."

"ನಿನ್ನ ಪಾತ್ರೆ ನೋಡ್ಕೋ ಹೋಗೇ."

ಮಾರನೆಯ ದಿನ ಮತ್ತೆ ಬಂದಳು. "ನಿನ್ನ ಬುದ್ಧಿ ಅರಮನೆಗೇ ಇರಲಿ" ಅನ್ನಿಸಿಕೊಂಡಳು. ಮೂರನೆಯ ದಿನವೂ ಬಂದಳು. ಮಲ್ಲಾಜಮ್ಮ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡಳು.

ತೆನೆ ಮುರಿಯುವ ಹಿಂದಿನ ದಿನ ಮಲ್ಲಾಜಮ್ಮ ಒಂದು ತೆನೆ ಕಿತ್ತು ಸುಲಿದಳು. ಮೂರೇ ಕಾಳು! ಇನ್ನೊಂದು ಸುಲಿದಳು. ಎರಡು. ಮತ್ತೊಂದು ಸುಲಿದಳು. ಒಂದು. ನಾಲ್ಕನೆಯ ಗಿಡದಲ್ಲಿ ತೆನೆಯೇ ಇಲ್ಲ.

ಮಧ್ಯಾಹ್ನ ಬೀದಿಯವರೆಲ್ಲ ಉಂಡು ಅಡ್ಡಾದರು. ಮಲ್ಲಾಜಮ್ಮ ಛತ್ರದ ಮಾಳಿಗೆ ಹತ್ತಿದಳು. ಯಾರ ಮಾತಿಗೆ ಬಾಗಿಲು ಹಾಕಿದ್ದಳೋ ಅವಳ ಗಿಡದಿಂದಲೇ ದಪ್ಪ ತೆನೆಯೊಂದನ್ನು ಮುರಿದು ತಂದು, ತನ್ನ ನಾಲ್ಕನೆಯ ಗಿಡಕ್ಕೆ ಬಾಳೆನಾರಿನಲ್ಲಿ ಕಟ್ಟಿದಳು. ಥೂ, ಹೇಳೋಕೆ ನನಗೇ ನಾಚಿಕೆ!

ಸಂಜೆ ಕೆಂಪಾಜಿ ಛತ್ರದ ಮಾಳಿಗೆ ಹತ್ತಿ ನೋಡಿದಳು. ತನ್ನ ಗಿಡದಲ್ಲಿ ಹಸಿ ಗಾಯ. ಮಲ್ಲಾಜಮ್ಮನ ಮಾಳಿಗೆಯ ಬೋಳು ಗಿಡದಲ್ಲಿ ತೆನೆ. ಕೆಳಗಿಳಿದು ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಮೊದಲ ತೆನೆ ನನ್ನ ಗಿಡದ್ದೇ ಅಂತ ಮಲ್ಲಾಜಮ್ಮ ಕರೆದಳು, ಬೀದಿಯವರೆಲ್ಲ ಅವಳ ಮಾಳಿಗೆ ಮೇಲೆ ಸೇರಿದರು. ಅವಳು ಗಿಡಕ್ಕೆ ಮರೆಯಾಗಿ ನಿಂತು, ಸರಕ್ಕನೆ ತೆನೆ ಕಿತ್ತು ಮಗಳ ಮಡಿಲಿಗೆ ಹಾಕಿದಳು. ಜನ ಭೇಷ್ ಅಂದರು. ಆಗ ಕೆಂಪಾಜಿ ಅರಿಶಿನದ ಬಟ್ಟಲು ಹಿಡಿದು ಮುಂದೆ ಬಂದಳು.

"ಸಿದ್ದಾಜಿ, ಈ ಗಿಡವೂ ಹೆತ್ತ ತಾಯಿ ಕಣವ್ವ. ತೆನೆ ಮುರಿದ ಗಾಯಕ್ಕೆ ಒಂಚೂರು ಅರಿಶಿನ ಹಚ್ಚು."

"ಈ ಶಾಸ್ತ್ರ ಯಾವಾಗಿಂದ ಬಂತೇ?" ಮಲ್ಲಾಜಮ್ಮ ಅಡ್ಡ ನಿಂತಳು.

"ಇವತ್ತಿಂದ, ಅಕ್ಕಾ."

ಸಿದ್ದಾಜಿ ಗಿಡದ ಬುಡ ನೋಡಿದಳು, ನಡು ನೋಡಿದಳು, ತುದಿ ನೋಡಿದಳು. ಗಾಯ ಎಲ್ಲಿದೆ? ತುಂಡಾದ ಬಾಳೆನಾರು ನೇತಾಡುತ್ತಿತ್ತು. ಬೆರಳಲ್ಲಿ ಅರಿಶಿನ ಹಾಗೇ ಉಳಿಯಿತು.

"ಅವ್ವಾ, ಇದು ಯಾರ ತೆನೆ?"

ಮಲ್ಲಾಜಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೀದಿಯವರು ನೋಡಿದ್ದನ್ನು ತಡೆದುಕೊಂಡಾಳು. ಮಗಳು ತಲೆ ತಗ್ಗಿಸಿದ್ದನ್ನು ತಡೆದುಕೊಳ್ಳಲಾರದೆ ಹೋದಳು.

"ಕೆಂಪಾಜಿದು ಕಣವ್ವ. ಕದ್ದೆ."

ಕೆಂಪಾಜಿ ಒಂದು ಮಾತೂ ಬಯ್ಯಲಿಲ್ಲ. ತೆನೆಯನ್ನು ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ, ತನ್ನ ಕೈಯಾರೆ ಸಿದ್ದಾಜಿಗೆ ತಿನ್ನಿಸಿದಳು. ನಾಲ್ಕು ಬಯ್ದಿದ್ದರೇ ಚೆನ್ನಾಗಿತ್ತು ಅಂದುಕೊಂಡಳು ಮಲ್ಲಾಜಮ್ಮ.

ಹೆಣ್ಣು ಮಗು ಹುಟ್ಟಿತು. ನಾಮಕರಣದ ದಿನ ಮಲ್ಲಾಜಮ್ಮನೇ ಅದನ್ನು ಎತ್ತಿಕೊಂಡು ಹೋಗಿ ಕೆಂಪಾಜಿಯ ತೊಡೆ ಮೇಲೆ ಮಲಗಿಸಿದಳು. ಕೆಂಪಾಜಿ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು.

"ಏನಂತ ಇಟ್ಟೆ?" ಅಂದರು ಜನ.

"ಮಲ್ಲಾಜಿ."

ಮಲ್ಲಾಜಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಗೊಳೋ ಅಂತ ಅತ್ತಳು. ಅವತ್ತಿಂದ ಬೀದಿಯಲ್ಲಿ ಯಾರಾದರೂ "ಮಲ್ಲಾಜೀ, ಬಾರೇ" ಅಂತ ಮಗುವನ್ನು ಕರೆದರೆ ಅಜ್ಜಿಯ ತಲೆ ತಾನಾಗಿ ಬಗ್ಗುತ್ತಿತ್ತು.

ಇಷ್ಟೇ ಮಕ್ಕಳೇ. ನನ್ನದು ಯಾರಿಗೂ ಸೇರಬಾರದು ಅಂದರೆ ನಮಗೂ ಕಾಳು ಕಟ್ಟುವುದಿಲ್ಲ. ಕದ್ದು ತಂದು ಕಟ್ಟಿಕೊಂಡರೆ ಮಾನ ಉಳಿಯುವುದಿಲ್ಲ.