ನೀಲಿ ಕಲ್ಲು ಅರೆದವನು

"ಬುದ್ಧೀ, ಮರುಳಯ್ಯನಿಗೆ ಮಧ್ಯಾಹ್ನದವರೆಗೂ ಹಾಡು ಎನ್ನುತ್ತೀರಿ. ನನಗೆ ಮಾತ್ರ ಬಿಸಿಲೇರುವ ಮೊದಲೇ ಸಾಕು ಎನ್ನುತ್ತೀರಿ. ಹೆಚ್ಚು ಅಭ್ಯಾಸ ಮಾಡಿದರೆ ನನಗೊಬ್ಬನಿಗೇ ಕೆಡುಕೇ?"

ಕೇಳಿದವನು ಚನ್ನವೀರ. ಮಠದಲ್ಲಿ ಹಾಡು ಕಲಿಯುತ್ತಿದ್ದ ಇಬ್ಬರಲ್ಲಿ ಅವನದೇ ಇಂಪಾದ ದನಿ. ಬರುವ ಹುಣ್ಣಿಮೆಗೆ ಸಭೆಯಲ್ಲಿ ಹಾಡಬೇಕಾದವನೂ ಅವನೇ. ಗುರುಗಳು ಮರುಳಯ್ಯನ ಕಡೆ ವಾಲಿದ್ದಾರೆಂದು ಅವನಿಗೆ ಹೊಟ್ಟೆಕಿಚ್ಚು. ಆದರೆ ಕಾರಣವೇನೆಂದು ತಿಳಿಯುವ ಕುತೂಹಲ ಅದಕ್ಕಿಂತ ದೊಡ್ಡದಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ಚಿತ್ರಗಾರರಿಗೆ ಕಲ್ಲು ಅರೆದು ಬಣ್ಣ ಮಾಡಿಕೊಡುವುದು ಅವನ ಕಸುಬು. ಇಂಗಳೀಕವೆಂಬ ಕಲ್ಲಿನ ಕೆಂಪಿಗೆ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಆ ಕಲ್ಲು ಅರೆದಷ್ಟೂ ರಂಗೇರುವಂಥದ್ದು. ಇಪ್ಪತ್ತು ವರ್ಷ ಅದನ್ನೇ ಅರೆದು ಅವನ ಅಂಗೈ ದಡ್ಡುಗಟ್ಟಿತ್ತು, ತಲೆಗೆ ಒಂದಿಷ್ಟು ಗರ್ವವೂ ಏರಿತ್ತು.

ಒಂದು ದಿನ ಒಬ್ಬ ಚಿತ್ರಗಾರ ಹಿಡಿಯಷ್ಟು ನೀಲಿ ಕಲ್ಲು ತಂದ. ಅಂಥ ಕಲ್ಲನ್ನು ಬಣ್ಣಗಾರ ಹಿಂದೆ ಕಂಡಿರಲಿಲ್ಲ. "ಮಂಟಪದ ಗೋಡೆಯ ಮೇಲೆ ಕೃಷ್ಣನನ್ನು ಬರೆದಿದ್ದೇನೆ. ಮೈಬಣ್ಣವೊಂದು ಬಾಕಿ. ಇರುವುದು ಇಷ್ಟೇ ಕಲ್ಲು, ಜೋಪಾನ" ಎಂದು ಹೇಳಿ ಹೋದ.

ಬಣ್ಣಗಾರ ಮೊದಲ ದಿನ ಅರೆದ. ನವಿಲಿನ ಕೊರಳಿನಂಥ ನೀಲಿ ಬಂತು. ಹೆಂಡತಿ ಬಂದು ಇಣುಕಿ ನೋಡಿ ಬೆರಗಾದಳು.

"ಎಷ್ಟು ಚೆಂದ ಬಂದಿದೆ! ಸಾಕು ಬಿಡಿ."

"ಬೆರಳಿಗೆ ಇನ್ನೂ ತರಿ ಸಿಗ್ತಿದೆ ಕಣೇ. ಹೀಗೇ ಕೊಟ್ರೆ ನನ್ನ ಹೆಸರೇನಾಗಬೇಕು?"

ಎರಡನೆಯ ದಿನ ನೀಲಿ ತಿಳಿಯಾಯಿತು. ಅರೆದದ್ದು ಸಾಲದೆಂದು ಅವನು ಇನ್ನೂ ಬಲವಾಗಿ ಅರೆದ. ಬಣ್ಣ ತಿಳಿಯಾದಷ್ಟೂ ಅವನ ರಟ್ಟೆಯ ಬಿರುಸು ಹೆಚ್ಚಿತು. ಮೂರನೆಯ ದಿನ ತರಿಯೆಲ್ಲ ಹೋಗಿ ಬೆಣ್ಣೆಯಂತೆ ನುಣ್ಣಗಾಯಿತು.

ಚಿತ್ರಗಾರ ಬಂದು ಬಟ್ಟಲಲ್ಲಿ ಕುಂಚ ಅದ್ದಿ ಅಂಗೈಗೆ ಎಳೆದುಕೊಂಡ. ಬಿದ್ದದ್ದು ಬೂದಿಯ ಬಣ್ಣ. ಆ ಕಲ್ಲಿನ ನೀಲಿ ಇದ್ದದ್ದೇ ಅದರ ತರಿಯಲ್ಲಿ. ಚಿತ್ರಗಾರ ಬರಿಗೈಯಲ್ಲಿ ಹೋದ. ಪೀತಾಂಬರ ಉಟ್ಟು, ಕೊಳಲು ಹಿಡಿದ ಕೃಷ್ಣ ಬರೀ ಸುಣ್ಣದ ಮೈಯಲ್ಲೇ ನಿಂತ.

ಚನ್ನವೀರನಿಗೆ ಬಣ್ಣಗಾರನ ಮೇಲೆ ಮರುಕ ಹುಟ್ಟಿತು. "ಪಾಪ, ಅವನೇನು ಮೈಗಳ್ಳನಲ್ಲವಲ್ಲ. ಮೂರು ದಿನ ಕಣ್ಣೆದುರೇ ಬಣ್ಣ ಸಾಯುತ್ತಿದ್ದರೂ ಅವನಿಗೆ ಹೇಗೆ ಕಾಣಲಿಲ್ಲ ಬುದ್ಧೀ?"

ಗುರುಗಳು ನಕ್ಕರು.

"ದಿನಾ ಮಧ್ಯಾಹ್ನ ಕೆರೆಯ ಏರಿಯ ಹಿಂದೆ ನನಗೆ ತಿಳಿಯದಂತೆ ಹಾಡುತ್ತೀಯಲ್ಲ ಮಗು, ಆ ದನಿಯನ್ನು ನೀನು ಈಚೆಗೆ ಕೇಳಿಸಿಕೊಂಡಿದ್ದೀಯಾ?"